ಒಂಟಿ ಚೌಕ

ಸೊಲ್ಲಾಪುರ, ೧೧ ಫೆಬ್ರವರಿ ೧೯೭೪, ಸೋಮವಾರ

ಇವತ್ತಿನಿಂದ ಮತ್ತೆ ದಿನಚರಿ. ತಲೆಯಲ್ಲಿ ಏನಾದರೂ ಕೊರೆಯಲು ಹತ್ತಿದರೆ ಬರೆದಿಡುವುದು ನನಗೆ ಮೊದಲಿನಿಂದ ರೂಢಿ. ಕಚೇರಿಯಲ್ಲಿ ಎಲ್ಲವೂ ಮರಾಠಿ, ಮನೆಯಲ್ಲಿ ಹೆಂಡತಿ ರತ್ನಾಬಾಯಿಗೆ ಓದು ಬಾರದು. ಕನ್ನಡದಲ್ಲಿ ಬರೆದರೆ ಅದು ನನ್ನ ಹತ್ತಿರವೇ ಉಳಿಯುತ್ತದೆ.

ನೂಲು ಸಿಗದೆ ಅಕ್ಕಲಕೋಟ ರಸ್ತೆಯ ನಮ್ಮ ಕಾರಖಾನೆಯ ಮಗ್ಗಗಳು ನಿಂತಿವೆ. ಮದುವೆಯಾದಾಗಿನಿಂದ ಅಲ್ಲಿಯೇ ಚಾದರದ ನಮೂನೆ ಬರೆಯುತ್ತಿದ್ದೆ. ನವಿಲಾಗಲಿ ಹೂವಾಗಲಿ, ಮೊದಲು ಗ್ರಾಫ್ ಕಾಗದದ ಮೇಲೆ ಒಂದೊಂದೇ ಚೌಕ ತುಂಬಿ ಚಿತ್ರ ಮಾಡಬೇಕು. ಅದನ್ನು ನೋಡಿ ರಟ್ಟಿಗೆ ತೂತು ಹೊಡೆಯುತ್ತಾರೆ, ತೂತು ಹೇಳಿದಂತೆ ಮಗ್ಗ ನೇಯುತ್ತದೆ. ಈಗ ನೀರು ಹುಡುಕುವ ಸರ್ವೆ ಕಚೇರಿಯಲ್ಲಿ ಹಂಗಾಮಿ ಕೆಲಸ ಸಿಕ್ಕಿದೆ. ಇಲ್ಲಿಯೂ ಚೌಕಗಳೇ ಆದ್ದರಿಂದ ಅಂಜಿಕೆ ಸ್ವಲ್ಪ ಕಡಿಮೆ.

ಸಿದ್ದರಾಮಪ್ಪ ಸಾಹೇಬರು ಕೆಲಸ ತಿಳಿಸಿ ಹೇಳಿದರು. ಒಂದೊಂದು ಊರಿಗೂ ಮೂರು ನಕ್ಷೆ, ಮೂರೂ ಪಾರದರ್ಶಕ ಹಾಳೆಯ ಮೇಲೆ, ಒಂದೇ ಅಳತೆಯ ಚೌಕಗಳಲ್ಲಿ. ಒಂದರಲ್ಲಿ ನೆಲದ ಇಳಿಜಾರು, ಇನ್ನೊಂದರಲ್ಲಿ ಕಲ್ಲಿನ ಮೇಲೆ ಮುರುಮು, ಅಂದರೆ ನೀರು ಹಿಡಿಯುವ ಗರಸು ಮಣ್ಣು, ಎಷ್ಟು ಆಳ ಇದೆ ಎಂಬುದು, ಮೂರನೆಯದರಲ್ಲಿ ಬೇಸಿಗೆಯಲ್ಲಿ ಬಾವಿಗಳ ನೀರು. ನೀರಿಗೆ ಆಗದ ಚೌಕಕ್ಕೆ ಕಪ್ಪು ಶಾಯಿ ತುಂಬಬೇಕು, ಆಗುವ ಚೌಕವನ್ನು ಖಾಲಿ ಬಿಡಬೇಕು. ಕೆಳಗೆ ದೀಪ ಇರುವ ಗಾಜಿನ ಮೇಜಿನ ಮೇಲೆ ಮೂರನ್ನೂ ಒಂದರ ಮೇಲೊಂದು ಇಟ್ಟರೆ, ಎಲ್ಲಿ ಬೆಳಕು ಮೂರನ್ನೂ ದಾಟಿ ಬರುತ್ತದೋ ಅಲ್ಲಿ ಬೋರು ಹಾಕುವುದು. ಊರಿಗೆ ಒಂದೇ ಬೋರು. ನೀರು ಬೀಳದಿದ್ದರೆ ಮಷೀನು ಮುಂದಿನ ಊರಿಗೆ ಹೋಗುತ್ತದೆ.

ಮನೆಗೆ ಬಂದಾಗ ಹೊಸ್ತಿಲಾಚೆ ಚಪ್ಪಲಿಗಳು ದಿಕ್ಕಾಪಾಲಾಗಿ ಬಿದ್ದಿದ್ದವು. ಜೋಡಿ ಜೋಡಿ ಮಾಡಿ ಗೋಡೆಗೆ ಒತ್ತಿಟ್ಟು ಒಳಗೆ ಹೋದೆ.

"ಚಪ್ಪಲಿ ಸಾಲ ಹಚ್ಚೂದು ಮುಗದಿದ್ರ ಚಾ ಕುಡೀರಿ, ಆರಾಕತ್ತದ," ಎಂದಳು ರತ್ನಾಬಾಯಿ.

೧೯ ಫೆಬ್ರವರಿ

ಊರುಗಳ ಪಾಳಿಯಲ್ಲಿ ಕರಿಹಾಳ ಬಂದಿದೆ. ಅಕ್ಕಲಕೋಟದಿಂದ ಎರಡು ಹರದಾರಿ. ನನ್ನ ತಂಗಿ ನೀಲಗಂಗಾಳನ್ನು ಕೊಟ್ಟ ಊರು.

ಸಾಹೇಬರು ಆ ಊರಿನ ಅಳತೆಯ ಚೀಟಿಗಳ ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟರು. ಅಲ್ಲಿ ನನ್ನ ತಂಗಿ ಇದ್ದಾಳೆ ಎನ್ನಬೇಕಿತ್ತು. ಅಂದರೆ ಕೆಲಸವನ್ನು ಬಸಣ್ಣನಿಗೆ ಕೊಟ್ಟುಬಿಡುತ್ತಾರೆ. ಬಸಣ್ಣ ನನ್ನ ಪಕ್ಕದ ಮೇಜಿನವನು, ಒಳ್ಳೆಯವನೇ, ಆದರೆ ಶಾಯಿ ತುಂಬುವ ಕೈ ಅಷ್ಟು ಸ್ವಚ್ಛ ಇಲ್ಲ. ಬಾಯಿ ಮುಚ್ಚಿಕೊಂಡೆ.

ಹೋದ ಶ್ರಾವಣದಲ್ಲಿ ನೀಲಗಂಗಾ ಹಳ್ಳದ ಬಾವಿಯ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಐದು ತಿಂಗಳ ಬಸಿರು ಹೋಯಿತು. ಕುಡಿಯುವ ನೀರಿಗೆ ಆ ಊರಿನಲ್ಲಿ ಅದೊಂದೇ ಬಾವಿ. ಈಗ ಮತ್ತೆ ನಾಲ್ಕು ತಿಂಗಳು, ಮತ್ತೆ ಅದೇ ಮೆಟ್ಟಿಲು. ಅವಳದು ಸಣ್ಣವಳಿದ್ದಾಗಿನಿಂದಲೂ ಅವಸರದ ಕಾಲು. ಊರಿನಲ್ಲಿ ಬೋರು ಬಿದ್ದರೆ ಅವಳು ಇಳಿಯುವುದೇ ತಪ್ಪುತ್ತದೆ. ಈ ಕೆಲಸದಲ್ಲಿ ಒಂದು ಚೌಕವೂ ಹೆಚ್ಚುಕಡಿಮೆ ಆಗಬಾರದು.

೪ ಮಾರ್ಚ್

ಕರಿಹಾಳದ ಮೂರೂ ನಕ್ಷೆ ಮುಗಿದವು. ಹೊಲ ತಿರುಗಿದವರು ಬರೆದುಕೊಂಡು ಬಂದ ಚೀಟಿಗಳು ಬಲು ಒರಟು. ಕಪ್ಪು ಚೌಕಗಳ ನಡುವೆ ಒಂದು ಖಾಲಿ, ಖಾಲಿ ಚೌಕಗಳ ನಡುವೆ ಒಂದು ಕಪ್ಪು, ಬಟ್ಟೆಯಲ್ಲಿ ನೂಲಿನ ಗಂಟು ಬಿದ್ದ ಹಾಗೆ. ಶಾಯಿ ಹಾಕುತ್ತ ಹೋದಂತೆ ಅವನ್ನೆಲ್ಲ ಸುತ್ತಲಿನವಕ್ಕೆ ಹೊಂದಿಸಿದೆ. ಈಗ ಹಾಳೆ ಎತ್ತಿ ಹಿಡಿದರೆ ಕಣ್ಣಿಗೆ ಹಿತವಾಗಿದೆ.

ಸಾಹೇಬರು ಮೂರನ್ನೂ ದೀಪದ ಮೇಜಿನ ಮೇಲೆ ಹಾಸಿದರು. ಹಳ್ಳದ ದಂಡೆಯಲ್ಲಿ ಅಂಗೈ ಅಗಲ ಬೆಳಕು, ಅಂಚು ಕತ್ತರಿಸಿದ ಹಾಗೆ.

"ಬರೋಬರ ಆಹೇ, ಶಂಕರೆಪ್ಪ. ಇಷ್ಟು ಸ್ವಚ್ಛ ನಕಾಶಾ ಈ ಕಚೇರಿಯೊಳಗ ನಾ ನೋಡಿಲ್ಲ," ಎಂದರು. ಬಸಣ್ಣ ಎದ್ದು ಬಂದು ನೋಡಿ ಹೋದ. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

೧೦ ಮಾರ್ಚ್, ಭಾನುವಾರ

ಕರಿಹಾಳಕ್ಕೆ ಹೋಗಿ ಬಂದೆ. ಹಳ್ಳದ ದಂಡೆಯಲ್ಲಿ, ನನ್ನ ಬೆಳಕಿನ ನಟ್ಟನಡುವೆ, ಕೆಂಪು ಬಣ್ಣದ ಗೂಟ ಹೊಡೆದಿದ್ದಾರೆ. ಉಗಾದಿ ಆದ ಮೇಲೆ ಮಷೀನು ಬರುತ್ತದಂತೆ.

ನಾನು ಹೋದಾಗ ನೀಲಗಂಗಾ ಬಾವಿಯಿಂದ ಮೇಲೆ ಬರುತ್ತಿದ್ದಳು. ತಲೆಯ ಮೇಲೊಂದು ಕೊಡ, ಬಗಲಲ್ಲಿ ಒಂದು.

"ಯಾಕಣ್ಣಾ, ಮಾರಿ ಹಿಂಗ ಸಣ್ಣ ಮಾಡಿದಿ?"

"ನೀ ಬಾವಿಗೆ ಹೋಗಬ್ಯಾಡವಾ."

"ನಾ ಹೋಗಲಿಲ್ಲಂದ್ರ ಅತ್ತಿ ಹೋಗಬೇಕು. ಅವರಿಗೆ ಮೊಣಕಾಲ ಬ್ಯಾನಿ."

"ಹಂಗಾರ ಹುಷಾರಿಲೆ ಇಳಿ. ನಿಂದು ಅವಸರದ ಕಾಲು."

ಅವಳು ಕೊಡ ಇಳಿಸಿ ನನ್ನನ್ನು ನೋಡಿದಳು. "ಹೂಂ. ಎಲ್ಲಾರೂ ಹಂಗ ಅಂತಾರ," ಎಂದು ಒಳಗೆ ಹೋದಳು.

ಅವಳ ಮಾವ ಕಲ್ಲಣ್ಣನವರನ್ನು ಕೇಳಿದೆ, ಈಗಲೇ ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು. ಅವರು ಎಲೆಗೆ ಸುಣ್ಣ ಹಚ್ಚುತ್ತ, "ಏಳನೇ ತಿಂಗಳಿಗೆ ಕುಬಸ ಮಾಡಿ ನಾವ ಕಳಸ್ತೀವಿ, ಬೀಗರ. ಅಲ್ಲೀತನಕ ಮನಿ ಸೊಸಿ ಮನ್ಯಾಗ ಇರ್ಲಿ," ಎಂದರು. ಅತ್ತೆ ಗುರಮ್ಮನವರು ಬಾಗಿಲಲ್ಲಿ ನಿಂತಿದ್ದರು.

೧೧ ಮಾರ್ಚ್

ಆ ಮೆಟ್ಟಿಲುಗಳೇ ಕಣ್ಣ ಮುಂದೆ ಬರುತ್ತವೆ. ಊಟ ಸೇರಲಿಲ್ಲ.

೧೭ ಮಾರ್ಚ್, ಭಾನುವಾರ

ಇವತ್ತಿನದನ್ನು ಹೇಗೆ ಬರೆಯಲಿ.

ಕಾರಖಾನೆಯ ಮಾಲೀಕ ರಾಚಪ್ಪನವರು ಹೇಳಿಕಳಿಸಿದ್ದರು. ಸ್ವಲ್ಪ ನೂಲು ಬಂದಿದೆ, ಒಂದು ಮದುವೆಯ ಚಾದರಕ್ಕೆ ಕಮಲದ ನಮೂನೆ ಬೇಕು ಎಂದು. ಹಳೆಯ ಬೆಂಚಿನ ಮೇಲೆ ಕುಳಿತು ಗ್ರಾಫ್ ತುಂಬುತ್ತಿದ್ದೆ. ಅವರು ಹಿಂದೆ ನಿಂತು ನೋಡುತ್ತಿದ್ದರು.

"ಶಂಕರೆಪ್ಪ, ನಿನ್ನ ಗ್ರಾಫಿನಾಗ ಒಂಟಿ ಚೌಕ ಅನ್ನೂದ ಇರೂದಿಲ್ಲ ನೋಡು. ಅದಕ್ಕ ನಮ್ಮ ಚಾದರ ಹೆಣ್ಮಕ್ಕಳ ಕಾಲುಂಗರಕ್ಕ ಸಿಗೂದಿಲ್ಲ," ಎಂದರು ಮೆಚ್ಚಿಗೆಯಿಂದ.

ನಿಜ. ನಮೂನೆಯಲ್ಲಿ ಒಂಟಿ ಚೌಕ ಬಿಟ್ಟರೆ ಅಲ್ಲಿ ಎಳೆ ಸಡಿಲಾಗಿ ಎದ್ದು ನಿಲ್ಲುತ್ತದೆ, ಉಂಗುರಕ್ಕೋ ಬಳೆಗೋ ಸಿಕ್ಕು ಹರಿಯುತ್ತದೆ. ಅದಕ್ಕೆ ಒಂಟಿ ಚೌಕ ಕಂಡರೆ ಮುಚ್ಚಬೇಕು ಅಥವಾ ತೆಗೆಯಬೇಕು. ನನಗೆ ನಮೂನೆ ಕಲಿಸಿದ ಉಸ್ತಾದರು ಮೊದಲ ದಿನವೇ ಹೇಳಿದ್ದು. ಈಗ ನಾನು ಯೋಚಿಸುವುದೂ ಇಲ್ಲ, ಕೈಯೇ ಮಾಡುತ್ತದೆ.

ಕೈಯೇ ಮಾಡುತ್ತದೆ ಎಂದು ಅಂದುಕೊಂಡದ್ದೇ ತಡ, ಕುಂಚ ನಿಂತುಬಿಟ್ಟಿತು. ಕರಿಹಾಳದ ನಕ್ಷೆಯಲ್ಲೂ ನನ್ನ ಕೈ ಇದನ್ನೇ ಮಾಡಿದೆ. ನೆಲ ಚಾದರವಲ್ಲ. ಅಲ್ಲಿ ಒಂಟಿ ಇದ್ದದ್ದು ಒಂಟಿಯಾಗಿಯೇ ಇದ್ದಿರಬಹುದು.

ಕಮಲ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ರಾಚಪ್ಪನವರು ಮೈ ಹುಷಾರಿಲ್ಲವೇನು ಎಂದು ಕೇಳಿದರು. ಹೌದು ಎಂದೆ.

೧೯ ಮಾರ್ಚ್

ಎರಡು ದಿನ ಬೇರೆ ಊರಿನ ಕೆಲಸ ಬದಿಗಿಟ್ಟು, ಯಾರಿಗೂ ಹೇಳದೆ ಕರಿಹಾಳದ ಮೂರು ಹಾಳೆಗಳನ್ನೂ ಹೊಸದಾಗಿ ಮಾಡಿದೆ. ಚೀಟಿಯಲ್ಲಿ ಇದ್ದದ್ದು ಇದ್ದ ಹಾಗೆ. ಒಂಟಿ ಚೌಕ ಬಂದಾಗಲೆಲ್ಲ ಕೈ ಎಳೆಯುತ್ತಿತ್ತು. ಎಡಗೈಯಿಂದ ಬಲಗೈ ಹಿಡಿದುಕೊಂಡು ಬರೆದೆ ಎಂದರೂ ಸುಳ್ಳಲ್ಲ.

ಎಲ್ಲರೂ ಊಟಕ್ಕೆ ಹೋದಾಗ ದೀಪದ ಮೇಜಿನ ಮೇಲೆ ಹಾಸಿದೆ. ಹಳ್ಳದ ದಂಡೆಯ ಅಂಗೈ ಅಗಲದ ಬೆಳಕು ಉಳಿದೇ ಇರಲಿಲ್ಲ, ಒಂದು ಹಾಳೆ ಬಿಟ್ಟ ಚೌಕವನ್ನು ಇನ್ನೊಂದರ ಕಪ್ಪು ಮುಚ್ಚಿತ್ತು. ಗೂಟ ಹೊಡೆದ ಚೌಕವೇ ಕಪ್ಪು. ಮುರುಮಿನ ಚೀಟಿಯಲ್ಲಿ ಅಲ್ಲಿ ಮೊಳ ಅಗೆಯುವುದರೊಳಗೆ ಬಂಡೆ ಎಂದು ಬರೆದಿದೆ. ನಾನೇ ಅದನ್ನು ಅಕ್ಕಪಕ್ಕಕ್ಕೆ ಹೊಂದಿಸಿ ಖಾಲಿ ಮಾಡಿದ್ದೆ.

ಉಳಿದ ಒಂಟಿ ಚೌಕಗಳು ಒಂದು ಹಾಳೆಯಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಮತ್ತೊಂದು ಕಡೆ. ಅವು ಬರೆದವರ ತಪ್ಪೇ ಇರಬಹುದು. ಆದರೆ ಊರ ಮೇಲ್ಭಾಗದಲ್ಲಿ, ಸುತ್ತಲೂ ಕಪ್ಪು ಇರುವ ಕಡೆ, ಒಂದೇ ಒಂದು ಚೌಕದಿಂದ ಬೆಳಕು ಮೂರನ್ನೂ ದಾಟಿ ನೇರವಾಗಿ ನನ್ನ ಮುಖಕ್ಕೆ ಹೊಡೆಯಿತು. ನೆಲ ಅಲ್ಲಿ ಸಪಾಟು. ಮುರುಮಿನ ಹಾಳೆಯಲ್ಲೂ ಅದು ಒಂಟಿ, ಬಾವಿಯ ಹಾಳೆಯಲ್ಲೂ ಒಂಟಿ, ಎರಡೂ ಒಂದೇ ಜಾಗದಲ್ಲಿ. ಬಾವಿ ನೋಡಿದವನು ಹೋದ ಬೇಸಿಗೆಯಲ್ಲಿ ಹೋಗಿದ್ದ, ಮುರುಮು ಅಗೆದವನು ಚಳಿಗಾಲದಲ್ಲಿ. ಒಬ್ಬರಿಗೊಬ್ಬರು ಗುರುತಿಲ್ಲ. ಒಂದೊಂದೇ ಹಾಳೆ ನೋಡಿದರೆ ಕಲೆ ಬಿದ್ದಂತೆ ಕಾಣುವುದನ್ನು ಇಬ್ಬರೂ ಒಂದೇ ಕಡೆ ಬರೆದಿದ್ದಾರೆ.

ಅದು ಯಾರ ಜಾಗ ಎಂದು ನೋಡಿದೆ. ಕಲ್ಲಣ್ಣನವರ ಕಣ. ರಾಶಿ ಮಾಡುವ ಕಣದ ಮೂಲೆಯಲ್ಲಿ ಎತ್ತಿಗೆ ನೀರು ಕುಡಿಸುವ ಸಣ್ಣ ಬಾವಿಯೊಂದಿದೆ, ನಾಲ್ಕು ಕೊಡ ಸೇದಿದರೆ ರಾಡಿ. ಆದರೆ ಬತ್ತಿದ್ದನ್ನು ನಾನೂ ಕಂಡಿಲ್ಲ.

ಅಂದರೆ ಮೊದಲು ನಾನು ತಪ್ಪು ನಕ್ಷೆ ಮಾಡಿದೆ, ಈಗ ಅದನ್ನು ತಿದ್ದಿ ನನ್ನ ತಂಗಿಯ ಮಾವನ ಕಣಕ್ಕೆ ಬೋರು ಹಾಕಿ ಎನ್ನಬೇಕು. ಇದನ್ನು ಯಾರು ನಂಬುತ್ತಾರೆ?

೨೦ ಮಾರ್ಚ್

ಹೇಳಲಿಲ್ಲ.

೨೨ ಮಾರ್ಚ್

ಇವತ್ತೂ ಹೇಳಲಿಲ್ಲ. ಸಾಹೇಬರ ಬಾಗಿಲವರೆಗೆ ಹೋಗಿ, ಪೆನ್ಸಿಲ್ ಬೇಕಿತ್ತು ಎಂದು ಕೇಳಿ ತಂದೆ. ಮೇಜಿನ ಮೇಲೆ ಪೆನ್ಸಿಲ್‌ಗಳ ಸಾಲೇ ಇದೆ.

ರತ್ನಾಬಾಯಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. "ಹೇಳಿದ್ರ ಏನಾಗತದರಿ?" ಎಂದಳು.

"ಕೆಲಸಾ ಹೋಗತದ. ಮಾನಾನೂ ಹೋಗತದ."

"ಹೇಳದಿದ್ರ?"

ನನಗೆ ಅವಳ ಮೇಲೆ ಸಿಟ್ಟು ಬಂತು. ಎದ್ದು ಹೋಗಿ ಚಪ್ಪಲಿ ಜೋಡಿಸಿ ಬಂದೆ.

೨೪ ಮಾರ್ಚ್, ಉಗಾದಿ

ರತ್ನಾಬಾಯಿ ಬೇವು ಬೆಲ್ಲ ಕೊಟ್ಟಳು. ಬಾಯಿಗೆ ಎರಡೂ ಒಂದೇ ಅನಿಸಿತು. ಹಬ್ಬ ಮುಗಿಯಿತು, ಇನ್ನು ಮಷೀನು ಬರುವುದೇ. ಹಳ್ಳದಲ್ಲಿ ನೀರಿನ ಬದಲು ಒಣ ಕಲ್ಲಿನ ಪುಡಿ ಹಾರಿದರೆ ಅದು ನನ್ನ ಶಾಯಿಯ ಪುಡಿ. ನೀಲಗಂಗಾ ಕೊಡ ತೆಗೆದುಕೊಂಡು ಮತ್ತೆ ಇಳಿಯುತ್ತಾಳೆ.

ನಾಳೆ ಹೇಳುತ್ತೇನೆ.

೨೫ ಮಾರ್ಚ್

ಹೇಳಿದೆ.

"ಕರಿಹಾಳದ ನಕ್ಷೆ ತಪ್ಪದರಿ, ಸಾಹೇಬ್ರ. ನಾನ ತಪ್ಪ ಮಾಡೀನಿ," ಎಂದು ಎರಡೂ ಕಟ್ಟುಗಳನ್ನು ಮುಂದಿಟ್ಟೆ. ಚಾದರದ ವಿಷಯವನ್ನೂ ಹೇಳಿದೆ. ಅವರು ಹಳೆಯದನ್ನೊಮ್ಮೆ ಹೊಸದನ್ನೊಮ್ಮೆ ದೀಪದ ಮೇಲೆ ಇಟ್ಟು ನೋಡಿದರು. ಆಮೇಲೆ ಆ ಒಂಟಿ ಬೆಳಕಿನ ಮೇಲೆ ಬೆರಳಿಟ್ಟರು.

"ಇದು ಯಾರ ಜಾಗಾ?"

"ನನ್ನ ತಂಗಿ ಮಾವನ ಕಣಾರಿ."

ಅವರು ಪೆನ್ನಿನ ಮುಚ್ಚಳ ಹಾಕಿ ಬದಿಗಿಟ್ಟರು. "ತಂಗಿ ಅಲ್ಲಿ ಅದಾಳಂತ ಮದಲ ಯಾಕ ಹೇಳಲಿಲ್ಲ?"

"ಕೆಲಸಾ ಬ್ಯಾರೇದವರಿಗೆ ಕೊಡ್ತೀರಂತ ಅಂಜಿದ್ನಿರಿ."

"ನಿನ್ನ ಮಾತ ನಂಬಿದ್ರ ಮಂದಿ ನನಗ ಹುಚ್ಚ ಅಂತಾರ. ನಂಬದಿದ್ರ ಒಂದ ಊರಿನ ನೀರ ಕಳದಂಗ ಆಗತದ. ಎಂಥಾ ಪೇಚಿನ್ಯಾಗ ಹಾಕಿದೆಪಾ."

ಬೈದಿದ್ದರೆ ಒಳ್ಳೆಯದಿತ್ತು. ಅವರು ಬಸಣ್ಣನನ್ನು ಕರೆದು, ಏನೂ ಹೇಳದೆ ಚೀಟಿಗಳ ಕಟ್ಟು ಕೊಟ್ಟು, ಹೊಸದಾಗಿ ಮೂರು ಹಾಳೆ ಮಾಡು ಎಂದರು. ಅದು ಮುಗಿಯುವವರೆಗೆ ನಾನು ಅವನ ಮೇಜಿನ ಹತ್ತಿರ ಹೋಗಕೂಡದು.

೨೮ ಮಾರ್ಚ್

ಬಸಣ್ಣನ ಹಾಳೆಗಳನ್ನು ನನ್ನ ಹೊಸ ಹಾಳೆಗಳ ಮೇಲೆ ಇಟ್ಟರು. ಅವನ ಶಾಯಿ ಅಲ್ಲಲ್ಲಿ ಚೌಕ ದಾಟಿ ಹರಿದಿತ್ತು. ಆದರೂ ಬೆಳಕು ಬಂದದ್ದು ಅದೇ ಜಾಗದಿಂದ.

ಸಾಹೇಬರು ಬಹಳ ಹೊತ್ತು ನೋಡಿ, "ಭಾನುವಾರ ಊರಿಗೆ ಹೋಗೂನು. ಕಣಾ ಯಾರದು, ನಿನಗ ಏನ ಸಂಬಂಧ, ಎಲ್ಲಾ ಮಂದಿ ಮುಂದ ನೀನ ಹೇಳಬೇಕು," ಎಂದರು.



೧ ಏಪ್ರಿಲ್

ನಿನ್ನೆಯದು ಬರೆಯಬೇಕು, ಒಂದೂ ಬಿಡಬಾರದು.

ಚಾವಡಿಯ ಬೇವಿನ ಗಿಡದ ಕೆಳಗೆ ಊರು ಸೇರಿತ್ತು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಬಾವಿಯ ಹಾದಿಯಲ್ಲಿ ಕೊಡ ಹಿಡಿದು ನಿಂತವರು. ನಾನು ಎದ್ದು, ಗೂಟ ಇದ್ದಲ್ಲಿ ಬಂಡೆ ಇದೆ, ನಕ್ಷೆಯ ತಪ್ಪು ನನ್ನದು, ನೀರು ಇರುವುದು ಕಲ್ಲಣ್ಣನವರ ಕಣದಲ್ಲಿ, ಅವರ ಸೊಸೆ ನನ್ನ ತಂಗಿ ಎಂದೆ.

"ಬೀಗರ ನೀರು ಬೀಗರ ಮನಿಗೇ ಹರೀತದ," ಎಂದ ಒಬ್ಬ. ಉಳಿದವರು ನಕ್ಕರು. ಇದನ್ನು ನಾನು ಎಣಿಸಿಯೇ ಬಂದಿದ್ದೆ. ಎಣಿಸದೆ ಇದ್ದದ್ದು ಆಮೇಲೆ ನಡೆಯಿತು. ಕಲ್ಲಣ್ಣನವರು ಎದ್ದು ನಿಂತರು.

"ನಾ ಕಣಾ ಕೊಡೂದಿಲ್ಲ. ರಾಶಿ ಮಾಡೂ ಜಾಗಾ ಅದು. ನಮ್ಮಪ್ಪನ ಕಾಲದಿಂದ ಅಲ್ಲಿ ಯಾರೂ ಚಪ್ಪಲಿ ಮೆಟ್ಟಿ ಕಾಲ ಇಟ್ಟಿಲ್ಲ. ನಾಳೆ ಎಲ್ಲಾ ಓಣಿ ಮಂದಿ ಕೊಡ ತಗೊಂಡು ತುಳದಾಡ್ತಾರ. ಸೊಸಿ ಅಣ್ಣ ಅಂದಕೂಡ್ಲೆ ಕಣಾ ಬರದು ಕೊಡಾಕಾಗತದೇನು?"

ಸಾಹೇಬರು ಕೈಮುಗಿದರು. "ನಿಮ್ಮ ಒಪ್ಪಿಗಿ ಇಲ್ಲದ ನಾವು ಬೋರ ಹಾಕೂದಿಲ್ರಿ. ಹಳ್ಳದಾಗಂತೂ ಕಲ್ಲದ. ಮಷೀನ ಮುಂದಿನ ಊರಿಗೆ ಹೋಗತದ, ಅಷ್ಟ."

ಆಗ ಹೆಂಗಸರ ಗುಂಪಿನಿಂದ ನೀಲಗಂಗಾ ಹೊರಗೆ ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಖಾಲಿ ಕೊಡ. ಮಾವನ ಮುಂದೆ ಅದನ್ನು ಬೋರಲು ಹಾಕಿದಳು.

"ಮಾವಾರ, ಆ ಬಾವಿಗೆ ನಾ ಇನ್ನ ಇಳಿಯೂದಿಲ್ಲ."

ದೊಡ್ಡ ಧ್ವನಿಯಲ್ಲ. ಆದರೆ ಎಲ್ಲರಿಗೂ ಕೇಳಿಸಿತು. ಕಲ್ಲಣ್ಣನವರ ಮುಖ ಕೆಂಪಾಯಿತು. "ನೀ ಅವಸರಲೆ ಇಳದು ಬಿದ್ದಿ. ಅದಕ್ಕ ಬಾವಿ ಏನ ಮಾಡೀತು? ಊರ ಹೆಣ್ಮಕ್ಕಳೆಲ್ಲಾ ಇಳೀತಾರ, ಯಾರ ಬಿದ್ದಾರ ತೋರಸು."

ಅವಳು ಒಬ್ಬಳೇ ನಿಂತಿದ್ದಳು. ನಾನು ನೆಲ ನೋಡಿದೆ. ಅದೇ ಮಾತನ್ನು ನಾನೂ ಅವಳಿಗೆ ಅಂದಿದ್ದೆ.

ಗುರಮ್ಮನವರು ಮೊಣಕಾಲು ಹಿಡಿದುಕೊಂಡು ನಿಧಾನ ನಡೆದು ಬಂದರು. ತಮ್ಮ ಕೊಡವನ್ನು ಸೊಸೆಯ ಕೊಡದ ಮಗ್ಗಲಿಗೆ ಬೋರಲು ಇಟ್ಟರು.

"ಆಕಿ ಅವಸರ ಮಾಡಿಲ್ಲ," ಎಂದರು ಗಂಡನಿಗೆ. "ನೀರಿನ ಹತ್ತಿರದ ಮೆಟ್ಟಲ ಒಡದದ, ಪಾಚಿ ಕೆಳಗ ಕಾಣೂದಿಲ್ಲ. ನಾನೂ ಅಲ್ಲೇ ಬಿದ್ದೀನಿ. ನಮ್ಮ ದೊಡ್ಡಾವಗಿಂತ ಮದಲ ಒಂದ ಕೂಸು ಹೊಟ್ಟ್ಯಾಗ ಹೋತಲ್ಲ, ಜ್ವರ ಬಂದು ಹೋತಂತ ನಿಮ್ಮವ್ವ ನಿಮಗ ಹೇಳಿದ್ಳು. ಜ್ವರ ಅಲ್ಲ ಅದು. ಅದ ಮೆಟ್ಟಲು."

ಬೇವಿನ ಗಿಡದ ಕೆಳಗೆ ಎರಡು ಕೊಡ, ಬೋರಲು. ನೀಲಗಂಗಾ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಅವಳಿಗೂ ಇದು ಗೊತ್ತಿರಲಿಲ್ಲ.

ಕಲ್ಲಣ್ಣನವರು ಕಟ್ಟೆಯ ಮೇಲೆ ಕುಳಿತರು. ಹೆಂಡತಿಯನ್ನು ನೋಡಿದರು, ಕೊಡಗಳನ್ನು ನೋಡಿದರು. ರುಮಾಲು ತೆಗೆದು ಮುಖ ಒರೆಸಿಕೊಂಡು ಮತ್ತೆ ಸುತ್ತಿಕೊಂಡರು.

"ಚಪ್ಪಲಿ ಹೊರಗ ಬಿಡಬೇಕು," ಎಂದರು ಕೊನೆಗೆ. "ಯಾರ ಬಂದ್ರೂ. ಸಾಹೇಬ್ರು ಬಂದ್ರೂ."

೧೨ ಏಪ್ರಿಲ್

ನಿನ್ನೆ ಕರಿಹಾಳದಲ್ಲಿ ಬೋರು ಬಿತ್ತು.

ಮುಂಜಾನೆಯೇ ಮಷೀನು ಕಣಕ್ಕೆ ಬಂದು ನಿಂತಿತ್ತು. ಅದರ ಸದ್ದಿಗೆ ಎತ್ತುಗಳು ಹಗ್ಗ ಹರಿಯುತ್ತಿದ್ದವು. ಮೊದಲು ಕೆಂಪು ಪುಡಿ, ಆಮೇಲೆ ಬಿಳಿ, ಆಮೇಲೆ ಕರಿ ಕಲ್ಲಿನ ಪುಡಿ. ಕರಿಯದು ಬರುತ್ತಲೇ ಇತ್ತು. ಸಾಹೇಬರು ನನ್ನ ಕಡೆ ನೋಡಲಿಲ್ಲ, ನಾನೂ ಅವರ ಕಡೆ ನೋಡಲಿಲ್ಲ. ಒಂದು ಒಂಟಿ ಚೌಕವನ್ನು ನಂಬಿ ಇಷ್ಟು ಜನರನ್ನು ಬಿಸಿಲಲ್ಲಿ ನಿಲ್ಲಿಸಿದೆನಲ್ಲ ಎಂದುಕೊಳ್ಳುತ್ತಿದ್ದೆ. ಹೊತ್ತು ನೆತ್ತಿಗೆ ಬಂದ ಮೇಲೆ ಪುಡಿ ಹಾರುವುದು ನಿಂತಿತು. ಒದ್ದೆ ರಾಡಿ ಉಕ್ಕಿತು. ಅದರ ಹಿಂದೆಯೇ ನೀರು, ಆಳೆತ್ತರ.

ನನಗೆ ಅಳು ಬಂತು. ಕಣ್ಣಿಗೆ ಧೂಳು ಬಿತ್ತು ಎಂದು ಕಲ್ಲಣ್ಣನವರಿಗೆ ಹೇಳಿದೆ. "ನನಗೂ ಬಿದ್ದದ, ಬೀಗರ," ಎಂದರು ಅವರು.

ನೀಲಗಂಗಾ ಮತ್ತು ಗುರಮ್ಮನವರು ಕಣದ ಅಂಚಿಗೆ ನೆರಳಲ್ಲಿ ಒಂದೇ ಚಾಪೆಯ ಮೇಲೆ ಕುಳಿತಿದ್ದರು. ಒಂದು ತಂಬಿಗೆಯಲ್ಲಿ ನೀರು ತಂದು ಕೊಟ್ಟೆ. ರಾಡಿ ಇನ್ನೂ ತಿಳಿಯಾಗಿರಲಿಲ್ಲ. ಅವಳು ಕುಡಿಯಲಿಲ್ಲ, ಬೆರಳು ಅದ್ದಿ ಹೊಟ್ಟೆಯ ಮೇಲೆ ಹಚ್ಚಿಕೊಂಡಳು.

"ನಂದು ಅವಸರದ ಕಾಲ ಅಂದಿದ್ದೆಲ್ಲಣ್ಣಾ," ಎಂದಳು.

"ಅಂದಿದ್ನಿ. ತಪ್ಪಾತವಾ."

"ಆತ ಬಿಡು."

ಊರೇ ಕಣಕ್ಕೆ ಬಂದಿತ್ತು. ಎಲ್ಲ ಓಣಿಯವರೂ. ಕಲ್ಲಣ್ಣನವರ ಮಾತಿನಂತೆ ಅಂಚಿನಾಚೆ ಚಪ್ಪಲಿಗಳು, ಒಂದರ ಮೇಲೊಂದು, ಒಂದರೊಳಗೊಂದು, ಎಷ್ಟೋ ರಾಶಿ. ಬಸ್ಸಿಗೆ ಹೊತ್ತಾಗಿತ್ತು. ಕಾಲಿಗೆ ಸಿಕ್ಕದ್ದನ್ನು ಮೆಟ್ಟಿಕೊಂಡು ಓಡಿದೆ. ಬಸ್ಸು ವಳಸಂಗ ದಾಟಿದ ಮೇಲೆ ಕೆಳಗೆ ನೋಡಿದರೆ ಒಂದು ನನ್ನದು, ಇನ್ನೊಂದು ಯಾರದೋ, ಹಿಮ್ಮಡಿಗೆ ಟೈರಿನ ತುಂಡು ಹೊಡೆದದ್ದು. ಮುಂದಿನ ವಾರ ಹೋದಾಗ ಕೊಟ್ಟರಾಯಿತು ಎಂದುಕೊಂಡು ನಿದ್ದೆ ಹೋದೆ.

ಮನೆಗೆ ಬಂದು ಎರಡನ್ನೂ ಹೊಸ್ತಿಲಾಚೆ ಕಳಚಿದಲ್ಲೇ ಬಿಟ್ಟು ನೇರ ಊಟಕ್ಕೆ ಕುಳಿತೆ. ಹಸಿವು ಬಹಳ ಇತ್ತು. ರತ್ನಾಬಾಯಿ ಬಾಗಿಲಿಗೆ ಹೋಗಿ ಹೊರಗೆ ನೋಡಿ ಬಂದಳು. ರೊಟ್ಟಿ ಹಾಕುವ ಮೊದಲು, ಜ್ವರ ನೋಡುವವರ ಹಾಗೆ, ನನ್ನ ಹಣೆ ಮುಟ್ಟಿ ನೋಡಿದಳು. ಯಾಕೆ ಎಂದು ಕೇಳಿದರೆ ನಗುತ್ತಾಳೆ, ಹೇಳುವುದಿಲ್ಲ.